ಯಾರ ಪಾಲು ಎಷ್ಟು? ಜಗತ್ತಿನ ಜನಸಂಖ್ಯೆಯ ಇನ್ನೂರು ವರ್ಷಗಳ ಲೆಕ್ಕ

2023ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆ ಒಂದು ಲೆಕ್ಕ ಹೇಳಿತು. ಜನಸಂಖ್ಯೆಯಲ್ಲಿ ಭಾರತ ಚೀನಾವನ್ನು ದಾಟುತ್ತಿದೆ ಎಂದು. ನಿಮ್ಮಲ್ಲಿ ತುಂಬಾ ಜನರಿಗೆ ಆ ಸುದ್ದಿ ನೆನಪಿರಬಹುದು. ಕೆಲವರಿಗೆ ಹೆಮ್ಮೆ ಆಯಿತು, ಕೆಲವರಿಗೆ ಗಾಬರಿ ಆಯಿತು. ಆದರೆ ಎರಡೂ ಕಡೆಯವರು ಇದೇನೋ ಹೊಸದಾಗಿ ಆಗುತ್ತಿದೆ ಎಂಬಂತೆ ಮಾತಾಡಿದರು. ಪ್ರಪಂಚದ ಜನರಲ್ಲಿ ಯಾವ ದೇಶದ ಪಾಲು ಎಷ್ಟು ಅನ್ನುವುದು ಯಾವ ಕಾಲದಲ್ಲೂ ಒಂದೇ ಕಡೆ ನಿಂತಿಲ್ಲ. ಅದು ಯಾಕೆ ಏರುತ್ತದೆ, ಯಾಕೆ ಇಳಿಯುತ್ತದೆ ಅನ್ನುವುದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಪಾಲು ಅಂದರೇನು ಅಂತ ಸ್ಪಷ್ಟ ಮಾಡಿಕೊಳ್ಳೋಣ. 1950ರಲ್ಲಿ ಯೂರೋಪ್ ಖಂಡದಲ್ಲಿ, ರಷ್ಯಾವನ್ನೂ ಸೇರಿಸಿ, ಸುಮಾರು 55 ಕೋಟಿ ಜನ ಇದ್ದರು. ಈಗ ಸುಮಾರು 74 ಕೋಟಿ ಇದ್ದಾರೆ. ಹೆಚ್ಚೇ ಆಗಿದ್ದಾರೆ, ಅಲ್ವಾ? ಆದರೆ 1950ರಲ್ಲಿ ಪ್ರಪಂಚದ ನೂರು ಜನರಲ್ಲಿ 22 ಮಂದಿ ಯೂರೋಪಿನವರಾಗಿದ್ದರು. ಈಗ 9 ಮಂದಿ. ಮಾರ್ಕ್ಸು ಜಾಸ್ತಿ ಬಂದರೂ ತರಗತಿಯ ರ‍್ಯಾಂಕು ಕೆಳಗೆ ಹೋದ ಹಾಗೆ ಇದು. ಪಾಲು ಇಳಿಯಿತು ಅಂದರೆ ಜನ ಕಡಿಮೆಯಾದರು ಅಂತಲೇ ಅರ್ಥ ಅಲ್ಲ. ಬೇರೆಯವರು ಇನ್ನೂ ಬೇಗ ಬೆಳೆದಿರಬಹುದು. ಇದೊಂದು ಮಾತು ಗೊತ್ತಿದ್ದರೆ ಟಿವಿಯಲ್ಲಿ ಬರುವ ಅರ್ಧ ಗಾಬರಿ ಹೋಗುತ್ತದೆ.

ಈಗ ಇನ್ನೂರು ವರ್ಷ ಹಿಂದಕ್ಕೆ ಹೋಗೋಣ. ಆರ್ಥಿಕ ಇತಿಹಾಸಕಾರ ಆಂಗಸ್ ಮ್ಯಾಡಿಸನ್ ಹಳೆಯ ಕಾಲದ ಜನಸಂಖ್ಯೆಯನ್ನು ಅಂದಾಜು ಮಾಡುವುದರಲ್ಲೇ ಬಹಳ ವರ್ಷ ಕಳೆದವರು. ಅವರ ಲೆಕ್ಕದ ಪ್ರಕಾರ 1820ರಲ್ಲಿ ಇಡೀ ಪ್ರಪಂಚದಲ್ಲಿ 104 ಕೋಟಿ ಜನ. ಅದರಲ್ಲಿ 38 ಕೋಟಿ ಚೀನಾದವರು. ಅಂದರೆ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ. ಆಗಿನ ಅಖಂಡ ಭಾರತದಲ್ಲಿ 21 ಕೋಟಿ, ಅಂದರೆ ಐದರಲ್ಲಿ ಒಬ್ಬರು. ಎರಡನ್ನೂ ಸೇರಿಸಿದರೆ ಅರ್ಧ ಪ್ರಪಂಚ ದಾಟುತ್ತದೆ. ಆಗ ಅಮೆರಿಕ ದೇಶದ ಪಾಲು ನೂರಕ್ಕೆ ಒಂದು. ಆಫ್ರಿಕಾ ಖಂಡದ್ದು ಏಳು.

ಮುಂದಿನ ನೂರು ವರ್ಷದಲ್ಲಿ ಈ ಚಿತ್ರ ತಲೆಕೆಳಗಾಯಿತು. ಯೂರೋಪಿನಲ್ಲಿ ಸಾವು ನಿಧಾನವಾಗಿ ಕಡಿಮೆ ಆಯಿತು. ಹೆರಿಗೆ ಕಡಿಮೆ ಆಗಿದ್ದು ಅದಾದ ಎಷ್ಟೋ ದಶಕಗಳ ಮೇಲೆ. ನಡುವಿನ ಆ ಅವಧಿಯಲ್ಲಿ ಜನ ತುಂಬಿ ತುಳುಕಿದರು. 1800ರಲ್ಲಿ ಸುಮಾರು 20 ಕೋಟಿ ಇದ್ದ ಯೂರೋಪ್ 1900ಕ್ಕೆ 40 ಕೋಟಿ ಆಯಿತು. ಅದೂ ಕೋಟಿಗಟ್ಟಲೆ ಜನ ಹಡಗು ಹತ್ತಿ ಹೋದ ಮೇಲೂ! ಸುಮಾರು 1815ರಿಂದ 1930ರ ನಡುವೆ ಐದು ಕೋಟಿಗೂ ಹೆಚ್ಚು ಯೂರೋಪಿಯನ್ನರು ಖಂಡ ಬಿಟ್ಟು ಹೋದರು. 1800ರ ಗಣತಿಯಲ್ಲಿ 53 ಲಕ್ಷ ಇದ್ದ ಅಮೆರಿಕ 1900ರಲ್ಲಿ 7 ಕೋಟಿ 60 ಲಕ್ಷ ಆಗಿತ್ತು. ಒಂದನೇ ಮಹಾಯುದ್ಧದ ಹೊತ್ತಿಗೆ ಯೂರೋಪಿನವರು ಮತ್ತು ಅಲ್ಲಿಂದ ಹೊರಗೆ ಹೋಗಿ ನೆಲೆಸಿದವರು ಸೇರಿ ಪ್ರಪಂಚದ ಸುಮಾರು ಮೂರನೇ ಒಂದು ಭಾಗ ಆಗಿದ್ದರು.

ಇವತ್ತು ಆಫ್ರಿಕಾದಿಂದ ಜನ ದೋಣಿ ಹತ್ತಿ ಬರುತ್ತಾರೆ ಎಂದು ಯೂರೋಪು ತಲೆ ಕೆಡಿಸಿಕೊಂಡಿದೆ. ಅದನ್ನು ನೋಡುವಾಗೆಲ್ಲ ನನಗೆ ಈ ಐದು ಕೋಟಿಯ ಲೆಕ್ಕ ನೆನಪಾಗುತ್ತದೆ. ಅವರಿಗೆ ಹೋಗಲು ಜಾಗ ಇತ್ತು. ಇನ್ನೊಬ್ಬರ ನೆಲದಲ್ಲಿ ಆ ಜಾಗವನ್ನು ಬಲವಂತವಾಗಿ ಮಾಡಿಕೊಂಡರು. ಅಮೆರಿಕ ಖಂಡಗಳ ಮೂಲ ನಿವಾಸಿಗಳು ಸಿಡುಬು, ದಡಾರ, ಯುದ್ಧ, ಜೀತದಿಂದ ಎಷ್ಟು ಮಂದಿ ಸತ್ತರೋ ಸರಿಯಾದ ಲೆಕ್ಕವೇ ಇಲ್ಲ. ಎಷ್ಟೋ ಕಡೆ ಹತ್ತರಲ್ಲಿ ಒಂಬತ್ತು ಜನ ಹೋದರು ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ.

ಆದರೆ ಯೂರೋಪಿನಲ್ಲೂ ಎಲ್ಲರ ಪಾಲೂ ಏರಲಿಲ್ಲ. ಐರ್ಲೆಂಡ್ ತೆಗೆದುಕೊಳ್ಳಿ. 1841ರ ಗಣತಿಯಲ್ಲಿ ಆ ದ್ವೀಪದಲ್ಲಿ 82 ಲಕ್ಷ ಜನ. ಪಕ್ಕದ ಗ್ರೇಟ್ ಬ್ರಿಟನ್‌ನಲ್ಲಿ ಆಗ ಒಂದು ಕೋಟಿ 85 ಲಕ್ಷ. ಅಂದರೆ ಐರ್ಲೆಂಡ್ ಅದರ ಅರ್ಧಕ್ಕೆ ಹತ್ತಿರ ಇತ್ತು. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಬಡವರ ಊಟವೇ ಆಲೂಗಡ್ಡೆ. ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ಕಾಯಿಲೆಯಿಂದ ಸತ್ತರು. ಇನ್ನೂ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ದೇಶ ಬಿಟ್ಟರು. ಅದೇ ಹೊತ್ತಿನಲ್ಲಿ ಐರ್ಲೆಂಡಿನ ಬಂದರುಗಳಿಂದ ಧಾನ್ಯ, ದನಕರು ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಇದಾಗಿ 180 ವರ್ಷದ ಹತ್ತಿರ ಆಯಿತು. ಇವತ್ತಿಗೂ ಆ ಇಡೀ ದ್ವೀಪದ ಜನಸಂಖ್ಯೆ 1841ರ ಮಟ್ಟಕ್ಕೆ ಬಂದಿಲ್ಲ. ಐರ್ಲೆಂಡ್ ಗಣರಾಜ್ಯದಲ್ಲಿ 2022ರ ಗಣತಿಯಲ್ಲಿ 51 ಲಕ್ಷ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನಲ್ಲಿ 2021ರ ಗಣತಿಯಲ್ಲಿ 19 ಲಕ್ಷ. ಈ ಅವಧಿಯಲ್ಲಿ ಪ್ರಪಂಚದ ಜನಸಂಖ್ಯೆ ಆರು ಪಟ್ಟಿಗಿಂತ ಜಾಸ್ತಿ ಆಗಿದೆ.

ಇದನ್ನು ಕೇಳಿ ಅಯ್ಯೋ ಪಾಪ ಅನ್ನುವ ಮುಂಚೆ ನಮ್ಮ ಮೈಸೂರನ್ನು ನೋಡಿ. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರ ಗಣತಿಯಲ್ಲಿ 42 ಲಕ್ಷದೊಳಗೆ ಬಂತು. ನಡುವೆ ಬಂದದ್ದು 1876ರಿಂದ 78ರ ಬರ. ಧಾತು, ಈಶ್ವರ ಸಂವತ್ಸರಗಳ ಬರ ಅಂತ ನಮ್ಮ ಹಿರಿಯರು ಹೇಳುತ್ತಿದ್ದದ್ದು ಇದನ್ನೇ. ಆಗ ಮೈಸೂರು ಬ್ರಿಟಿಷ್ ಕಮಿಷನರ್‌ಗಳ ಆಡಳಿತದಲ್ಲಿತ್ತು. ಮಳೆ ಕೈಕೊಟ್ಟಿದ್ದು ನಿಜ. ಆದರೆ ಆ ವರ್ಷಗಳಲ್ಲೂ ಭಾರತದಿಂದ ಗೋಧಿ ರಫ್ತು ಆಗುತ್ತಿತ್ತು ಅನ್ನುವುದೂ ಅಷ್ಟೇ ನಿಜ. ಆರು ಜನರಲ್ಲಿ ಒಬ್ಬರು ಕಡಿಮೆ ಆದರು. ಬರ ಬಾರದಿದ್ದರೆ ಹತ್ತು ವರ್ಷದಲ್ಲಿ ಎಷ್ಟು ಹೆಚ್ಚಾಗುತ್ತಿತ್ತೋ ಅದನ್ನೂ ಸೇರಿಸಿದರೆ ನಷ್ಟ ಇನ್ನೂ ದೊಡ್ಡದು. ಕೋಷ್ಟಕದಲ್ಲಿ ಪಾಲು ಇಳಿಯಿತು ಅಂತ ಒಂದು ಸಾಲು ಕಂಡಾಗ ಅದರ ಹಿಂದೆ ಕೆಲವೊಮ್ಮೆ ಇಂಥದ್ದು ಇರುತ್ತದೆ.

ಹತ್ತೊಂಬತ್ತನೇ ಶತಮಾನದಲ್ಲಿ ಏಷ್ಯಾದ ಪಾಲು ಇಳಿದದ್ದು ಹೀಗೇ. ಚೀನಾದಲ್ಲಿ 1850ರಿಂದ 1864ರವರೆಗೆ ನಡೆದ ತೈಪಿಂಗ್ ದಂಗೆಯಲ್ಲಿ ಎರಡು ಕೋಟಿಗೂ ಹೆಚ್ಚು ಜನ ಸತ್ತರು ಎಂಬ ಅಂದಾಜಿದೆ. 1820ರಲ್ಲಿ ನೂರಕ್ಕೆ 36 ಇದ್ದ ಚೀನಾದ ಪಾಲು 1900ರ ಹೊತ್ತಿಗೆ ಸುಮಾರು 25ಕ್ಕೆ ಬಂತು. ಭಾರತದ್ದು 20ರಿಂದ 18ರ ಆಸುಪಾಸಿಗೆ ಇಳಿಯಿತು. ನಮ್ಮಲ್ಲಿ 1911ರಿಂದ 1921ರ ದಶಕದಲ್ಲಿ ಜನಸಂಖ್ಯೆ ಏರುವ ಬದಲು ತುಸು ಕುಸಿಯಿತು. ಕಾರಣ 1918ರ ಇನ್‌ಫ್ಲುಯೆಂಜಾ. ಒಂದು ಕೋಟಿಗೂ ಹೆಚ್ಚು ಭಾರತೀಯರು ಆ ಒಂದು ಜ್ವರಕ್ಕೆ ಬಲಿಯಾದರು. 1921ರ ಮೇಲೆ ಮಾತ್ರ ನಮ್ಮ ಸಂಖ್ಯೆ ಪ್ರತಿ ಗಣತಿಯಲ್ಲೂ ಏರುತ್ತಾ ಬಂದಿದೆ.

ಆಫ್ರಿಕಾದ ಬಗ್ಗೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸಾಮಾನ್ಯವಾಗಿ ಆಫ್ರಿಕಾದ ಕಥೆಯನ್ನು 1950ರಿಂದ ಶುರು ಮಾಡುತ್ತಾರೆ. ಮ್ಯಾಡಿಸನ್ ಅಂದಾಜಿನಲ್ಲಿ 1500ರ ಹೊತ್ತಿಗೆ ಆಫ್ರಿಕಾದ ಪಾಲು ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಹೆಚ್ಚು. 1820ಕ್ಕೆ ಅದು ಏಳು. ನಡುವಿನ ಶತಮಾನಗಳಲ್ಲಿ ಅಟ್ಲಾಂಟಿಕ್ ಸಾಗರದ ಆಚೆಗೆ ಗುಲಾಮರಾಗಿ ಹಡಗು ಹತ್ತಿಸಿದವರ ಸಂಖ್ಯೆಯೇ ಒಂದು ಕೋಟಿ 25 ಲಕ್ಷ. ಹೆಚ್ಚಿನವರು ಹರೆಯದವರು. ಅವರಿಗೆ ಆಫ್ರಿಕಾದಲ್ಲಿ ಹುಟ್ಟಬೇಕಿದ್ದ ಮಕ್ಕಳ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಈಗ ಆಫ್ರಿಕಾದ ಪಾಲು 18 ದಾಟಿದೆ. ಈ ಶತಮಾನದ ಕೊನೆಗೆ ಮೂರನೇ ಒಂದು ಭಾಗ ಮೀರಬಹುದು ಎಂದು ವಿಶ್ವಸಂಸ್ಥೆ ಲೆಕ್ಕ ಹಾಕಿದೆ. ಇದನ್ನು ಕೇಳಿದ ಕೂಡಲೇ "ಅಷ್ಟೊಂದಾ!" ಅನ್ನುತ್ತಾರೆ. ಒಂದು ನಿಮಿಷ ನಿಲ್ಲಿ. ಆಫ್ರಿಕಾದ ನೆಲ ಪ್ರಪಂಚದ ನೆಲದ ಐದನೇ ಒಂದು ಭಾಗ. ಅಂದರೆ ಅವರ ಜನರ ಪಾಲು ಈಗ ತಾನೇ ಅವರ ನೆಲದ ಪಾಲಿನ ಹತ್ತಿರ ಬರುತ್ತಿದೆ. ಭಾರತದ ನೆಲ ನೂರಕ್ಕೆ ಎರಡೂವರೆಗಿಂತ ಕಡಿಮೆ, ಜನ ಸುಮಾರು 18. ನಾವು ಆಫ್ರಿಕಾದ ಕಡೆ ಬೆರಳು ತೋರಿಸುವುದು ನನಗೆ ಸರಿ ಕಾಣುವುದಿಲ್ಲ.

1950ರ ಮೇಲೆ ನಡೆದದ್ದು ಮೂಲದಲ್ಲಿ ಯೂರೋಪಿನಲ್ಲಿ ನಡೆದದ್ದೇ. ಆದರೆ ವೇಗ ಬಹಳ ಜಾಸ್ತಿ. ಯೂರೋಪಿಗೆ ನೂರು ವರ್ಷ ಹಿಡಿದ ಕೆಲಸ ಏಷ್ಯಾ, ಆಫ್ರಿಕಾಗಳಲ್ಲಿ ಮೂವತ್ತು ನಲವತ್ತು ವರ್ಷದಲ್ಲಿ ಆಯಿತು. ಲಸಿಕೆ, ಆ್ಯಂಟಿಬಯೋಟಿಕ್, ಸೊಳ್ಳೆ ನಾಶ, ಶುದ್ಧ ನೀರು ಎಲ್ಲ ಒಟ್ಟೊಟ್ಟಿಗೆ ಬಂದವು. ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯಸ್ಸು 32 ವರ್ಷದ ಹತ್ತಿರ. ಈಗ 70ರ ಆಸುಪಾಸು. ನಮ್ಮ ಅಜ್ಜಿಯರ ಕಾಲದಲ್ಲಿ ಎಂಟು ಹೆತ್ತು ನಾಲ್ಕು ಉಳಿಯುವುದು ಸಾಮಾನ್ಯವಾಗಿತ್ತು. ನಿಮ್ಮ ಮನೆಗಳಲ್ಲೂ ಇಂಥ ಅಜ್ಜಿಯರು ಇದ್ದಿರಬಹುದು. ಮಕ್ಕಳು ಸಾಯುವುದು ನಿಂತಿತು. ಆದರೆ ಇನ್ನು ಎಂಟು ಹೆರಬೇಕಿಲ್ಲ, ಹೆತ್ತವು ಉಳಿಯುತ್ತವೆ ಅನ್ನುವ ನಂಬಿಕೆ ತಾಯಂದಿರಿಗೆ ಬರಲು ಒಂದು ತಲೆಮಾರು ಬೇಕಾಯಿತು. ಆ ಒಂದು ತಲೆಮಾರಿನ ಅಂತರದಲ್ಲೇ ದೇಶಗಳು ಊದಿಕೊಂಡವು. ಯಾವ ದೇಶದಲ್ಲಿ ಈ ಅಂತರ ಯಾವಾಗ ಶುರುವಾಯಿತು, ಎಷ್ಟು ಕಾಲ ಉಳಿಯಿತು ಅನ್ನುವುದೇ ಅದರ ಪಾಲನ್ನು ನಿರ್ಧರಿಸಿತು.

ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಉದಾಹರಣೆ ಪಾಕಿಸ್ತಾನ ಮತ್ತು ಬಾಂಗ್ಲಾದೇಶ. 1951ರಲ್ಲಿ ಎರಡೂ ಒಂದೇ ದೇಶ. ಪೂರ್ವ ಪಾಕಿಸ್ತಾನದಲ್ಲಿ ಸುಮಾರು 4 ಕೋಟಿ 20 ಲಕ್ಷ, ಪಶ್ಚಿಮದಲ್ಲಿ ಸುಮಾರು 3 ಕೋಟಿ 40 ಲಕ್ಷ. ಪೂರ್ವದ್ದೇ ಜಾಸ್ತಿ. 1971ರಲ್ಲಿ ಬೇರೆಯಾದಾಗಲೂ ಬಾಂಗ್ಲಾದೇಶವೇ ದೊಡ್ಡದಿತ್ತು. ಇತ್ತೀಚಿನ ಗಣತಿಗಳಲ್ಲಿ ಪಾಕಿಸ್ತಾನ 24 ಕೋಟಿ, ಬಾಂಗ್ಲಾದೇಶ 17 ಕೋಟಿ. ಎರಡೂ ಕಡೆ ಬಹುಪಾಲು ಜನ ಮುಸ್ಲಿಮರು. 1970ರ ದಶಕದಲ್ಲಿ ಎರಡೂ ಕಡೆ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಆರಕ್ಕಿಂತ ಹೆಚ್ಚು ಮಕ್ಕಳು. ಆಗ ಹಣದಲ್ಲಿ ಬಾಂಗ್ಲಾದೇಶ ಪಾಕಿಸ್ತಾನಕ್ಕಿಂತ ಬಡದೇಶ. ಹಾಗಾದರೆ ಏನಾಯಿತು?

ಢಾಕಾದಿಂದ ಸ್ವಲ್ಪ ದೂರದಲ್ಲಿ ಮತ್ಲಬ್ ಅಂತ ಒಂದು ನದಿ ಬಯಲಿನ ಪ್ರದೇಶ ಇದೆ. ಅಲ್ಲಿ ಕಾಲರಾ ಸಂಶೋಧನಾ ಕೇಂದ್ರವೊಂದು 1960ರ ದಶಕದಿಂದಲೇ ಹುಟ್ಟು ಸಾವಿನ ಲೆಕ್ಕ ಇಡುತ್ತಿತ್ತು. 1977ರಲ್ಲಿ ಅವರು ಅರ್ಧದಷ್ಟು ಹಳ್ಳಿಗಳಲ್ಲಿ ಒಂದು ಕೆಲಸ ಶುರು ಮಾಡಿದರು. ಅದೇ ಊರಿನ, ಓದು ಬಲ್ಲ, ಮದುವೆಯಾದ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಂಡು, ತರಬೇತಿ ಕೊಟ್ಟು, ಎರಡು ವಾರಕ್ಕೊಮ್ಮೆ ಮನೆ ಮನೆಗೆ ಕಳಿಸಿದರು. ಅಲ್ಲಿನ ಹೆಂಗಸರು ಮನೆಯಿಂದ ಹೊರಗೆ ಹೋಗುವುದೇ ಕಷ್ಟ. ಅದಕ್ಕೇ ಸೇವೆಯೇ ಬಾಗಿಲಿಗೆ ಬಂತು. ಗರ್ಭನಿರೋಧಕ ಮಾತ್ರೆ, ಚುಚ್ಚುಮದ್ದು, ಅದರ ಜೊತೆಗೇ ಮಕ್ಕಳ ಲಸಿಕೆ, ಬೇಧಿಗೆ ಓಆರ್‌ಎಸ್. ಮಾತ್ರೆ ಒಗ್ಗದಿದ್ದರೆ ಬೇರೆ ವಿಧಾನ, ತೊಂದರೆಯಾದರೆ ಆಸ್ಪತ್ರೆ. ಉಳಿದ ಅರ್ಧ ಹಳ್ಳಿಗಳಿಗೆ ಹೋಲಿಸಿದರೆ ಇಲ್ಲಿ ಹೆರಿಗೆ ಬೇಗ ಇಳಿಯಿತು. ಮಕ್ಕಳ ಸಾವೂ ಇಳಿಯಿತು. ಸರ್ಕಾರ ಇದೇ ಬಗೆಯ ಕೆಲಸವನ್ನು ದೇಶದ ಉದ್ದಗಲಕ್ಕೂ ಹರಡಿತು. ಸಾವಿರಾರು ಮಹಿಳೆಯರು ಕಾರ್ಯಕರ್ತೆಯರಾದರು. ಈಗ ಬಾಂಗ್ಲಾದೇಶದಲ್ಲಿ ಸರಾಸರಿ ಎರಡು ಮಕ್ಕಳ ಆಸುಪಾಸು. ಪಾಕಿಸ್ತಾನದಲ್ಲಿ ಮೂರೂವರೆಯ ಹತ್ತಿರ.

ಓಆರ್‌ಎಸ್ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನೀರು, ಉಪ್ಪು, ಸಕ್ಕರೆಯ ಆ ದ್ರಾವಣವನ್ನು 1968ರಲ್ಲಿ ಢಾಕಾದಲ್ಲಿ ಕಾಲರಾ ರೋಗಿಗಳ ಮೇಲೆ ಪರೀಕ್ಷಿಸಿದರು. 1971ರ ಯುದ್ಧದಲ್ಲಿ ಬಂಗಾಳದ ಬೊಂಗಾವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಬಾಟಲಿ ಮುಗಿದುಹೋದಾಗ ಡಾಕ್ಟರ್ ದಿಲೀಪ್ ಮಹಲನಬಿಸ್ ಅದನ್ನು ಡ್ರಮ್‌ಗಳಲ್ಲಿ ಕಲಸಿ ಕುಡಿಸಿದರು. ಸಾವು ಗಣನೀಯವಾಗಿ ಇಳಿಯಿತು. ಪ್ರಪಂಚದ ಕೋಟಿಗಟ್ಟಲೆ ಮಕ್ಕಳು ಇವತ್ತು ಬದುಕಿರುವುದು ಆ ಸಕ್ಕರೆ ಉಪ್ಪಿನ ನೀರಿನಿಂದ. ಜನಸಂಖ್ಯೆಯ ಚರಿತ್ರೆಯಲ್ಲಿ ರಾಜರ ಹೆಸರಿಗಿಂತ ಇಂಥವರ ಹೆಸರು ಮೊದಲು ಬರಬೇಕು ಎಂದು ನಾನು ನಂಬಿದ್ದೇನೆ.

ಇನ್ನು ಚೀನಾ. ಅಲ್ಲಿನ ಪಾಲು ಇಳಿದದ್ದು ಒಂದೇ ಮಗುವಿನ ಕಾನೂನಿನಿಂದ ಅಂತ ನೀವೂ ಕೇಳಿರುತ್ತೀರಿ. ವರ್ಷ ನೋಡಿ. 1970ರ ಸುಮಾರಿಗೆ ಅಲ್ಲಿ ಸರಾಸರಿ ಆರರ ಹತ್ತಿರ ಮಕ್ಕಳು. 1979ಕ್ಕೆ ಮೂರಕ್ಕಿಂತ ಕೆಳಗೆ ಬಂದಿತ್ತು. ಒಂದೇ ಮಗುವಿನ ನೀತಿ ದೇಶಕ್ಕೆಲ್ಲ ಬಂದದ್ದು 1980ರಲ್ಲಿ. ದೊಡ್ಡ ಇಳಿಕೆ ಆಗಲೇ ಮುಗಿದಿತ್ತು. ಆಮೇಲಿನ 35 ವರ್ಷ ಬಲವಂತದ ಗರ್ಭಪಾತ, ದಂಡ, ಹೆಣ್ಣುಭ್ರೂಣ ಹತ್ಯೆ ನಡೆದವು. 2022ರಿಂದ ಚೀನಾದ ಜನಸಂಖ್ಯೆ ಇಳಿಯತೊಡಗಿದೆ. ಈಗ ಅದೇ ಸರ್ಕಾರ ಮೂರು ಮಕ್ಕಳು ಮಾಡಿಕೊಳ್ಳಿ ಅನ್ನುತ್ತಿದೆ. ಮನೆಗಳು ಕೇಳುತ್ತಿಲ್ಲ. ವಿಶ್ವಸಂಸ್ಥೆಯ 2024ರ ಲೆಕ್ಕದಲ್ಲಿ 2100ಕ್ಕೆ ಚೀನಾ 63 ಕೋಟಿಯ ಸುಮಾರಿಗೆ ಬರಬಹುದು. ಅಂದರೆ ಪ್ರಪಂಚದ ನೂರಕ್ಕೆ ಆರು. ಇನ್ನೂರೆಂಬತ್ತು ವರ್ಷದಲ್ಲಿ 36ರಿಂದ ಆರಕ್ಕೆ.

ಪಾಲಿನ ಲೆಕ್ಕ ಹಿಡಿದು ಸರ್ಕಾರಗಳು ಹೆಂಗಸರ ಮೈಮೇಲೆ ಕೈ ಹಾಕಿದಾಗೆಲ್ಲ ಕೆಟ್ಟದ್ದೇ ಆಗಿದೆ. ರೊಮೇನಿಯಾದಲ್ಲಿ 1966ರಲ್ಲಿ ಜನ ಹೆಚ್ಚಬೇಕು ಅಂತ ಗರ್ಭಪಾತ ನಿಷೇಧಿಸಿದರು. ಮರುವರ್ಷ ಹುಟ್ಟುವ ಮಕ್ಕಳ ಸಂಖ್ಯೆ ಹತ್ತಿರ ಹತ್ತಿರ ಎರಡು ಪಟ್ಟಾಯಿತು. ಕೆಲವೇ ವರ್ಷದಲ್ಲಿ ಮತ್ತೆ ಇಳಿಯಿತು. ಕದ್ದುಮುಚ್ಚಿ ಗರ್ಭಪಾತ ಮಾಡಿಸಿಕೊಂಡು ಸಾವಿರಾರು ಹೆಂಗಸರು ಸತ್ತರು. ಅನಾಥಾಲಯಗಳು ತುಂಬಿದವು. ನಮ್ಮಲ್ಲಿ ತುರ್ತು ಪರಿಸ್ಥಿತಿಯ ಕಾಲದಲ್ಲಿ ಒಂದೇ ವರ್ಷ 80 ಲಕ್ಷಕ್ಕೂ ಜಾಸ್ತಿ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು. ಆ ಬಲವಂತ ಗಂಡಸರಿಗೆ ಶಸ್ತ್ರಚಿಕಿತ್ಸೆ ಅಂದರೆ ಹೆದರಿಕೆ ಹುಟ್ಟಿಸಿತು. ಆಮೇಲಿನ ಭಾರವೆಲ್ಲ ಹೆಂಗಸರ ಮೇಲೆ ಬಿತ್ತು, ಇವತ್ತಿಗೂ ಅವರ ಮೇಲೇ ಇದೆ.

ಬಲವಂತ ಇಲ್ಲದ ದಾರಿಗೆ ಬಾಂಗ್ಲಾದೇಶದವರೆಗೆ ಹೋಗಬೇಕಿರಲಿಲ್ಲ. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಕೊಟ್ಟಿತು. ಸರ್ಕಾರವೇ ಇಂಥದ್ದು ಮಾಡಿದ್ದು ಪ್ರಪಂಚದಲ್ಲೇ ಬಹಳ ಮೊದಲು. 1950ರ ದಶಕದ ಶುರುವಿನಲ್ಲಿ ನಮ್ಮ ರಾಮನಗರದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಗರ್ಭ ನಿಲ್ಲುವ ದಿನ, ನಿಲ್ಲದ ದಿನಗಳನ್ನು ಗುರುತಿಸಲು ಹೆಂಗಸರಿಗೆ ಬಣ್ಣ ಬಣ್ಣದ ಮಣಿಸರ ಕೊಟ್ಟರು. ಆ ವಿಧಾನ ಗೆಲ್ಲಲಿಲ್ಲ. ಆದರೆ ಬೇಕೇ ಅಂತ ಹಳ್ಳಿಯ ಹೆಂಗಸರನ್ನು ಕೇಳಿದಾಗ ಎಷ್ಟೋ ಜನ ಬೇಕು ಅಂದಿದ್ದರು. ಬೇಡಿಕೆ ಇತ್ತು, ಕೊಡಲು ಸರಿಯಾದ ಸಾಧನ ಇರಲಿಲ್ಲ.

ಈಗ ಕರ್ನಾಟಕದಲ್ಲಿ ಸರಾಸರಿ ಮಕ್ಕಳು 1.7. ಬಿಹಾರದಲ್ಲಿ ಮೂರು. ಇದು 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ. ಹಾಗಾಗಿ ದೇಶಗಳ ನಡುವೆ ಆಗುವುದು ನಮ್ಮ ದೇಶದ ಒಳಗೂ ಆಗುತ್ತಿದೆ. 1971ರಲ್ಲಿ ಭಾರತದ ಜನರಲ್ಲಿ ಕೇರಳದವರು ನೂರಕ್ಕೆ 3.9. 2011ರಲ್ಲಿ 2.8. ಕರ್ನಾಟಕದ ಪಾಲು 5.3ರಿಂದ 5.05ಕ್ಕೆ ಬಂತು. ಲೋಕಸಭೆಯ ಸೀಟುಗಳ ಹಂಚಿಕೆಯನ್ನು 1976ರಲ್ಲಿ 1971ರ ಗಣತಿಗೆ ಕಟ್ಟಿಹಾಕಿದರು. ಆಮೇಲೆ ಅದನ್ನು 2026ರ ನಂತರದ ಮೊದಲ ಗಣತಿಯವರೆಗೆ ಮುಂದಕ್ಕೆ ಹಾಕಿದರು. 2021ರಲ್ಲಿ ಆಗಬೇಕಿದ್ದ ಗಣತಿ ಆ ವರ್ಷ ಆಗಲಿಲ್ಲ. ನಾವು ಚೀನಾವನ್ನು ದಾಟಿದೆವು ಅನ್ನುವುದು ಕೂಡ ಅಂದಾಜಿನ ಮೇಲೆ ಹೇಳಿದ ಮಾತೇ, ಎಣಿಸಿ ಹೇಳಿದ್ದಲ್ಲ. ತಾಯಿ ಮಗುವಿನ ಆರೋಗ್ಯದ ಕೆಲಸ ಚೆನ್ನಾಗಿ ಮಾಡಿದ ರಾಜ್ಯ ಅದಕ್ಕಾಗಿ ಸೀಟು ಕಳೆದುಕೊಳ್ಳಬಾರದು ಅನ್ನುವುದು ನನ್ನ ನಿಲುವು. ಬಿಹಾರದ ಒಬ್ಬ ಮತದಾರನ ಓಟಿಗೆ ನಮ್ಮ ಓಟಿಗಿಂತ ಕಡಿಮೆ ತೂಕ ಇರಬಾರದು ಅನ್ನುವ ವಾದವೂ ನ್ಯಾಯವಾದದ್ದೇ. ಎರಡನ್ನೂ ಒಟ್ಟಿಗೆ ಹಿಡಿಯುವ ಸೂತ್ರ ಬೇಕು. ಬಿಹಾರದವರನ್ನು ಬೈಯುವುದರಿಂದ ಅದು ಸಿಗುವುದಿಲ್ಲ.

ರಾಜ್ಯದ ಒಳಗೂ ನೋಡಿ. 2001ರಿಂದ 2011ರ ನಡುವೆ ಯಾದಗಿರಿ ಜಿಲ್ಲೆ ನೂರಕ್ಕೆ 22ಕ್ಕೂ ಹೆಚ್ಚು ಬೆಳೆಯಿತು. ಉಡುಪಿ ಆರರ ಹತ್ತಿರ. ಚಿಕ್ಕಮಗಳೂರು ಬೆಳೆಯಲೇ ಇಲ್ಲ, ಮೂರು ಸಾವಿರದಷ್ಟು ಜನ ಕಡಿಮೆಯಾದರು. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಮೊದಲು ಕರ್ನಾಟಕದ ಎಂಟು ಜನರಲ್ಲಿ ಒಬ್ಬರು ಬೆಂಗಳೂರಲ್ಲಿದ್ದರು, 2011ಕ್ಕೆ ಸುಮಾರು ಆರು ಜನರಲ್ಲಿ ಒಬ್ಬರಾದರು. ಇಲ್ಲಿ ಹೆರಿಗೆಗಿಂತ ವಲಸೆಯ ಕೈವಾಡ ದೊಡ್ಡದು. ಮಲೆನಾಡಿನ ಮನೆಗಳಲ್ಲಿ ವಯಸ್ಸಾದವರು ಉಳಿದರು, ಮಕ್ಕಳು ಬೆಂಗಳೂರಿಗೆ ಹೋದರು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಬೆಂಗಳೂರಿಗೆ 28 ವಿಧಾನಸಭಾ ಕ್ಷೇತ್ರಗಳಾದವು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಬೀರೂರು ಕ್ಷೇತ್ರ ಹೋಯಿತು. ಕೊಡಗಿನಲ್ಲಿ ಸೋಮವಾರಪೇಟೆ ಕ್ಷೇತ್ರ ಹೋಗಿ ಮಡಿಕೇರಿ, ವಿರಾಜಪೇಟೆ ಎರಡೇ ಉಳಿದವು. ಮುಂದಿನ ಗಣತಿಯ ಅಂಕಿ ಬಂದಾಗ ನಿಮ್ಮ ನಿಮ್ಮ ತಾಲ್ಲೂಕಿನ ಸಾಲನ್ನು ಮೊದಲು ತೆಗೆದು ನೋಡಿ.